ಅಪ್ಪನ ಮಾಫಿ ದಿನಗಳು

ಮಾಮಾನ ಸಾವಿನ ಬಗ್ಗೆ ನನ್ನ ಬಳಿ ಎರಡು ಹೇಳಿಕೆಗಳಿವೆ. ಒಂದು, ನ್ಯಾಯಾಲಯದಲ್ಲಿ ಹೇಳಿ ಸಹಿ ಮಾಡಿದ್ದು: ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ, ಕೂಗು ಕೇಳಿ ಹೊರಗೆ ಬಂದೆ, ಅಷ್ಟರಲ್ಲಿ ಅವನು ಬಿದ್ದಿದ್ದ. ಇನ್ನೊಂದು ತಲೆಯೊಳಗೆ ಇರುವುದು. ಅದರಲ್ಲಿ ನಾನು ಬಾಗಿಲಲ್ಲಿ ನಿಂತಿದ್ದೇನೆ. ಅಪ್ಪ ಬಾಳೆ ಕಡಿಯುವ ಕೊಯ್ತಾ ಎತ್ತುತ್ತಾನೆ. ಮಾಮಾ ಎಡಗೈ ಅಡ್ಡ ತರುತ್ತಾನೆ, ಆ ಕೈಯ ಎರಡು ಬೆರಳು ಮೊದಲು ಹೋಗುತ್ತವೆ, ಎರಡನೆಯ ಏಟು ಕುತ್ತಿಗೆ ಮತ್ತು ಹೆಗಲು ಕೂಡುವಲ್ಲಿ ಬೀಳುತ್ತದೆ. ಬಾಳೆಯ ದಿಂಡಿಗೆ ಬಿದ್ದಾಗ ಬರುವಂಥದೇ ಶಬ್ದ. ಬೆರಳುಗಳ ಸಂಗತಿ ವೈದ್ಯರ ವರದಿಯಲ್ಲಿತ್ತು, ನ್ಯಾಯಾಲಯದಲ್ಲಿ ಅದನ್ನು ಓದಿದಾಗ ನಾನು ಅಲ್ಲೇ ಇದ್ದೆ. ಆದ್ದರಿಂದ ಕಂಡದ್ದೆಷ್ಟು, ಕೇಳಿ ಕಟ್ಟಿಕೊಂಡದ್ದೆಷ್ಟು ಎಂದು ಈಗ ಬೇರ್ಪಡಿಸಲಾರೆ. ನನಗಾಗ ಹದಿನೈದು.

ನಾವು ಕಮಲಾಪುರದಲ್ಲಿದ್ದೆವು. ಮನೆಯ ಹಿಂದೆಯೇ ಕೆಂಪು ಬಾಳೆಯ ತೋಟ. ಅಪ್ಪ ಅವ್ವನನ್ನು ಹೊಡೆಯುವುದು ಅಲ್ಲಿ ವಾರದ ಸಂತೆಯಷ್ಟೇ ಮಾಮೂಲಾಗಿತ್ತು. ಅವಳು ಒಂದು ಹೊತ್ತಿನಲ್ಲಿ ಸಾರಿಗೆ ಉಪ್ಪು ಹೆಚ್ಚು ಹಾಕಿರುತ್ತಿದ್ದಳು, ಇನ್ನೊಂದು ಹೊತ್ತಿನಲ್ಲಿ ಬಾವಿಯ ಹತ್ತಿರ ಯಾರೊಂದಿಗೋ ನಕ್ಕಿರುತ್ತಿದ್ದಳು, ಕೆಲವೊಮ್ಮೆ ಏನೂ ಇರುತ್ತಿರಲಿಲ್ಲ. ಮಾಮಾ ಸಾಯುವ ಹಿಂದಿನ ದಿನ ಅಪ್ಪ ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಹಣೆಯನ್ನು ಬಾಗಿಲ ಚೌಕಟ್ಟಿಗೆ ಮೂರು ಸಲ ಗುದ್ದಿದ. ಕೂದಲು ಬೇರುಸಹಿತ ಕಿತ್ತು ಅವನ ಮುಷ್ಟಿಯಲ್ಲಿ ಉಳಿಯಿತು. ಸುದ್ದಿ ಹೇಗೋ ತವರಿಗೆ ಮುಟ್ಟಿ, ಅವ್ವನ ತಮ್ಮ ಮೊದಲ ಬಸ್ಸಿಗೇ ಬಂದ, ಅಕ್ಕನನ್ನು ಕರೆದೊಯ್ಯುತ್ತೇನೆ ಎಂದ. ಇಪ್ಪತ್ತಮೂರು ವರ್ಷದ ಹುಡುಗ, ಚಪ್ಪಲಿ ಕೂಡ ಬಿಡದೆ ಅಂಗಳದಲ್ಲೇ ನಿಂತು ಮಾತಾಡಿದ. ಇಷ್ಟೇ ನಡೆದದ್ದು.

ಸಿಟ್ಟಿನ ಭರದಲ್ಲಿ ಆದ ಕೃತ್ಯ, ಮೊದಲೇ ಯೋಚಿಸಿದ್ದಲ್ಲ ಎಂದು ನ್ಯಾಯಾಧೀಶರು ಹತ್ತು ವರ್ಷ ಕಠಿಣ ಶಿಕ್ಷೆ ಕೊಟ್ಟರು. ಗುಲಬರ್ಗಾದ ಕೋರ್ಟಿನ ಮೆಟ್ಟಿಲ ಮೇಲೆ ಅವ್ವ ಸೆರಗಿನಿಂದ ಬೆವರು ಒರೆಸಿಕೊಂಡು ನನಗೆ ಹೇಳಿದ ಮಾತು ಚೆನ್ನಾಗಿ ನೆನಪಿದೆ, ಅದನ್ನು ಮುಂದೆ ಎಷ್ಟೋ ಸಲ ಹೇಳಿದ್ದರಿಂದ ತಪ್ಪಾಗಿರಲಾರದು.

“ಹತ್ತು ವರ್ಷ ಸಿಕ್ಕಾವ. ಅಷ್ಟರಾಗ ನೀ ಕಲ್ತು ನೌಕರಿ ಹಿಡಿ. ಅಂವ ಬರೂದ್ರೊಳಗ ನಾ ನಿನ್ನ ಕೂಡ ಬಂದ್ ಇರ್ತೀನಿ. ಅಲ್ಲೀತನಕ ತೋಟ ನಾ ನೋಡ್ಕೋತೀನಿ.”

ಅವಳ ಬದುಕೆಲ್ಲ ಆ ಹತ್ತರ ಮೇಲೆ ನಿಂತಿತು. ಕೊಯ್ತಾ ಪೊಲೀಸರ ಬಳಿ ಹೋಗಿತ್ತು, ಅವಳು ಸಂತೆಯಲ್ಲಿ ಹೊಸದೊಂದು ಕೊಂಡು ತಂದಳು. ಗೊನೆ ಕಡಿದಳು, ಮರಿ ಅಗೆದು ನೆಟ್ಟಳು, ಹಣೆಯ ಗಾಯ ಮಾಯ್ದ ಮೇಲೆ ಸಂತೆಯಲ್ಲಿ ಕೂತು ದನಿ ಎತ್ತರಿಸಿ ಮಾರುವುದನ್ನೂ ಕಲಿತಳು. ನನ್ನನ್ನು ಪಿಯುಸಿಗೆ ನಗರಕ್ಕೆ ಕಳಿಸಿದಳು, ಹಾಸ್ಟೆಲಿಗೆ ಸೇರಿಸಿದಳು. ಬದಲಿಗೆ ನನ್ನಿಂದ ಕೇಳಿದ್ದು ಒಂದೇ ಕೆಲಸ. ತಿಂಗಳಿಗೊಮ್ಮೆ ಜೈಲಿಗೆ ಹೋಗಿ ಅಪ್ಪನನ್ನು ನೋಡಿ ಬರಬೇಕು. ಪ್ರೀತಿಗಾಗಿ ಅಲ್ಲ.

“ಅಂವ ಒಳಗ ಅದಾನೋ ಇಲ್ಲೋ ಅಂತ ಕಣ್ಣಿಲೆ ನೋಡ್ಕೊಂಡ್ ಬಾ,” ಎಂದಳು.

ಹಾಗೆ ನಾನು ಮುಲಾಕಾತಿಗೆ ಹೋಗತೊಡಗಿದೆ. ಭೇಟಿಗೆ ಅಲ್ಲಿ ಎಲ್ಲರೂ ಮುಲಾಕಾತ್ ಎಂದೇ ಅನ್ನುತ್ತಿದ್ದರು. ಹಾಸ್ಟೆಲಿನಲ್ಲಿ ದಿನಚರಿ ಬರೆಯುವ ಅಭ್ಯಾಸ ಶುರುವಾದದ್ದೂ ಆಗಲೇ. ಎರಡು ಸಾಲು ಜಾಲರಿ, ನಡುವೆ ಒಂದು ಮಾರು ಜಾಗ. ಈಚೆ ನಾವು, ಆಚೆ ಅವರು, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದೆವು. ನಾನು ಒಯ್ದ ಬಾಳೆಹಣ್ಣುಗಳನ್ನು ಬಾಗಿಲ ಬಳಿಯ ಪೇದೆ ಒಂದೊಂದಾಗಿ ನಡುವೆ ಕತ್ತರಿಸಿ ನೋಡಿ ಒಳಗೆ ಬಿಡುತ್ತಿದ್ದ. ಅಪ್ಪ ತೋಟದ ಬಗ್ಗೆ ಕೇಳುತ್ತಿದ್ದ, ಅವ್ವನ ಬಗ್ಗೆ ಕೇಳುತ್ತಿರಲಿಲ್ಲ.

ಶಿಕ್ಷೆಯ ನಾಲ್ಕನೆಯ ವರ್ಷ ಎಂದು ತೋರುತ್ತದೆ, ನಾನು ಬಿ.ಎ.ದಲ್ಲಿದ್ದೆ. ಅಪ್ಪನ ಸೊಂಟಕ್ಕೆ ಹೊಸದೊಂದು ಪಟ್ಟಾ ಬಂದಿತ್ತು. ಅವನನ್ನು ಮೇಟ್ ಮಾಡಿದ್ದರು, ಅಂದರೆ ಉಳಿದ ಕೈದಿಗಳ ಮೇಲೆ ಉಸ್ತುವಾರಿ ನೋಡುವ ಕೈದಿ. ಅಡಿಗೆಮನೆಯ ಜನ ಅವನ ಕೈಕೆಳಗೆ. ಹೊರಗೆ ಚೀಟಿ ಬರೆಸುವಾಗ ಗುಮಾಸ್ತರು ನನ್ನ ಮುಖ ನೋಡಿ, ಪಾಪ, ಸಂತೋಷಪಡಿಸೋಣ ಎಂದುಕೊಂಡಿರಬೇಕು. ವಯಸ್ಸಾದವರು, ಮನೆಯಲ್ಲಿ ಮರಾಠಿ ಆಡುವವರು ಎಂದು ಮಾತಿನ ಧಾಟಿಯಿಂದಲೇ ಗೊತ್ತಾಗುತ್ತಿತ್ತು.

“ಹತ್ತು ಅಂದ್ರ ಹತ್ತಲ್ಲ ತಂಗಿ,” ಎಂದರು. “ನಡತಿ ಚಂದ ಇತ್ತು ಅಂದ್ರ ತಿಂಗಳಾ ಇಷ್ಟು ದಿನ ಮಾಫಿ ಸಿಗ್ತದ. ಕೆಲಸಕ್ಕ ಬ್ಯಾರೆ, ಮೇಟ್ ಆದ್ರ ಮತ್ತ ಹೆಚ್ಚು. ನಿಮ್ಮಪ್ಪ ಹಿಂಗ ಶಾಣ್ಯಾ ಇದ್ದಾ ಅಂದ್ರ ಏಳಕ್ಕ ಹೊರಗ. ನಮ್ಮನ್ನ ನೋಡು, ಮೂವತ್ತು ವರ್ಷ ಆತು, ಒಂದ್ ದಿನ ಮಾಫಿ ಇಲ್ಲ.”

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆನೇ? ಆ ದಿನದ ದಿನಚರಿ ತೆಗೆದು ನೋಡಿದರೆ ಒಂದೇ ಸಾಲಿದೆ: “ಗುಮಾಸ್ತರು ಒಳ್ಳೆಯ ಸುದ್ದಿ ಹೇಳಿದರು.” ಒಳ್ಳೆಯ ಸುದ್ದಿ ಎಂದು ಯಾಕೆ ಬರೆದೆನೋ. ಕೋಣೆಯ ಗೆಳತಿಯರು ಕದ್ದು ಓದುತ್ತಾರೆಂಬ ಭಯವಿತ್ತು, ಅದೂ ಖರೆ. ಆದರೆ ನನಗೆ ನಾನೇ ಹೇಳಿಕೊಳ್ಳುವಾಗಲೂ ಆ ಸಾಲಿನ ಹಿಂದೆ ಅಡಗುವುದು ಸುಲಭವಾಗಿತ್ತು ಎಂದು ಈಗ ಅನಿಸುತ್ತದೆ.

ಯಾಕೆಂದರೆ ಆ ಶನಿವಾರ ಊರಿಗೆ ಹೋದಾಗ ನಾನು ಅವ್ವನಿಗೆ ಹೇಳಲಿಲ್ಲ. ಅವಳು ಎಂದಿನಂತೆ ಕೇಳಿದಳು, ಒಳಗ ಅದಾನಿಲ್ಲ? ಅದಾನ ಅಂದೆ. ಇನ್ನೆಷ್ಟು ಉಳದಾವ? ಆರು ಅಂದೆ. ಮೂರು ಅನ್ನಬೇಕಿತ್ತು.

ಹೇಳಿದ್ದರೆ ಏನಾಗುತ್ತಿತ್ತು ಎಂದು ಆಗಲೇ ಯೋಚಿಸಿದ್ದೆ. ಅವಳು ತೋಟ ಬಿಟ್ಟು ಏಳುತ್ತಿದ್ದಳು, ನನ್ನ ಓದು ಆ ತೋಟದ ಮೇಲೆ ನಡೆದಿತ್ತು. ಬಿ.ಎ. ಮುಗಿದ ಕೂಡಲೇ ಎಲ್ಲಾದರೂ ಕೆಲಸ ಹಿಡಿ ಅನ್ನುತ್ತಿದ್ದಳು. ನನಗೆ ಎಂ.ಎ. ಮಾಡಬೇಕಿತ್ತು. ಮೂರು ವರ್ಷದೊಳಗೆ ನಾನೇ ಅವಳನ್ನು ನಗರಕ್ಕೆ ಕರೆತರುತ್ತೇನೆ, ಅವಳಿಗೆ ಗೊತ್ತಾಗುವ ಅಗತ್ಯವೇ ಬರುವುದಿಲ್ಲ ಎಂದುಕೊಂಡೆ. ಅವಳ ನೆಮ್ಮದಿಗಾಗಿ ಮುಚ್ಚಿಟ್ಟೆ ಎಂದು ಬಹಳ ವರ್ಷ ಹೇಳಿಕೊಂಡಿದ್ದೆ. ಅದು ಸುಳ್ಳು.

ಮಾಫಿ ಒಳಗೆ ಹೇಗೆ ಹುಟ್ಟುತ್ತದೆ ಎಂದು ಅಪ್ಪನೇ ಹೇಳುತ್ತಿದ್ದ. ಅಡಿಗೆಮನೆಯಲ್ಲಿ ಗದ್ದಲವಾಗಬಾರದು. ಗದ್ದಲವಾದರೆ ಸಾಹೇಬರವರೆಗೆ ದೂರು ಹೋಗುತ್ತದೆ, ಮೇಟ್‌ನ ಹೆಸರು ಕೆಡುತ್ತದೆ. ದೂರು ಹೋಗದಂತೆ ನೋಡಿಕೊಂಡರೆ ಒಳ್ಳೆಯ ನಡತೆ. ಹೇಗೆ ನೋಡಿಕೊಳ್ಳುತ್ತಾನೆ ಎಂಬುದನ್ನು ಆಚೆಯ ಜಾಲರಿಗೆ ಬಾಯಿ ಹತ್ತಿರ ತಂದು, ಉಳಿದವರ ಕೂಗಾಟದ ಮರೆಯಲ್ಲಿ ಹೇಳಿದ. ಗಾಯ ಕಾಣದಂತೆ ಪಾದದ ಅಡಿಗೆ ಹೊಡೆಯುವುದು, ಒದ್ದೆ ಗೋಣಿ ಮುಖಕ್ಕೆ ಒತ್ತಿ ಹಿಡಿಯುವುದು. ಒಬ್ಬನ ಕಿರುಬೆರಳನ್ನು ಹಿಂದಕ್ಕೆ ಮಣಿಸಿ ಮುರಿದದ್ದನ್ನು ಹೇಳುವಾಗ ಅವನು ನಕ್ಕ. ಬಿದ್ದೆ ಎಂದು ಬೆರಳಿನವನೇ ಹೇಳಿದನಂತೆ.

“ಈ ವರ್ಷ ಒಂದ್ ದಿನಾನೂ ಕಟ್ ಆಗಿಲ್ಲ,” ಎಂದ. ನಾನು ಪರೀಕ್ಷೆಯ ಅಂಕ ಹೇಳುವಾಗ ಇರುತ್ತಿದ್ದ ಹೆಮ್ಮೆಯೇ ಅವನ ದನಿಯಲ್ಲಿತ್ತು.

ಜಗಳ ಮಾಡಿದರೆ, ಪೇದೆಯ ಮುಂದೆ ಕೈ ಎತ್ತಿದರೆ ಗಳಿಸಿದ ದಿನಗಳು ಕಡಿತವಾಗುತ್ತವೆ ಎಂಬುದೂ ನನಗೆ ಅಲ್ಲೇ ಗೊತ್ತಾದದ್ದು. ಎಂ.ಎ. ಮೊದಲ ವರ್ಷದಲ್ಲಿ, ದಿನ ಹತ್ತಿರವಾಗುತ್ತ ಬಂದಂತೆ, ನನಗೊಂದು ಉಪಾಯ ಹೊಳೆಯಿತು. ಅಪ್ಪನ ಸಿಟ್ಟು ನನಗೆ ಗೊತ್ತು. ಪೇದೆಯ ಎದುರಿನಲ್ಲೇ ಅದನ್ನು ಕೆರಳಿಸಿದರೆ ಅವನು ಜಾಲರಿ ಒದೆಯುತ್ತಾನೆ, ಬೈಯುತ್ತಾನೆ, ಬಿಡಿಸಲು ಬಂದವರ ಮೇಲೆ ಬೀಳುತ್ತಾನೆ. ಎರಡೋ ಮೂರೋ ತಿಂಗಳು ಹೋಗುತ್ತವೆ. ಮತ್ತೊಮ್ಮೆ ಕೆರಳಿಸಬಹುದು. ಹೀಗೆ ಅವನನ್ನು ಹತ್ತರ ಹತ್ತಿರ ತಳ್ಳಬಹುದು.

ಪೇದೆ ಹತ್ತಿರ ಬರುವವರೆಗೆ ಕಾದೆ.

“ಅವ್ವ ತೋಟ ತವರಮನಿಯವರಿಗೆ ಪಾಲಿಗೆ ಕೊಟ್ಟಾಳ,” ಎಂದೆ. “ಮಾಮಾ ಬಿದ್ದ ಜಾಗಾದಾಗೇ ಅವರು ಈಗ ಗೊನಿ ತಂದ್ ಒಟ್ಟತಾರ.”

ಒಂದಕ್ಷರವೂ ನಿಜವಲ್ಲ. ಅವ್ವ ಯಾರಿಗೂ ಒಂದು ಮರಿ ಬಾಳೆಯನ್ನೂ ಕೊಟ್ಟಿರಲಿಲ್ಲ.

ಅಪ್ಪನ ಬೆರಳು ಜಾಲರಿಯಲ್ಲಿ ಸಿಕ್ಕಿಕೊಂಡವು. ಕುತ್ತಿಗೆಯ ನರ ಉಬ್ಬಿತು. ಈ ನರವನ್ನು ನಾನು ಚಿಕ್ಕಂದಿನಿಂದ ಬಲ್ಲೆ, ಅದು ಉಬ್ಬಿದ ಮೇಲೆ ನಾನು ಮಂಚದ ಕೆಳಗೆ ಸೇರುತ್ತಿದ್ದೆ. ಪೇದೆ ಏನಾತೋ ಎಂದ. ಅಪ್ಪ ಬೆರಳು ಬಿಡಿಸಿಕೊಂಡು ಅವನ ಕಡೆ ತಿರುಗಿ ಕೈ ಮುಗಿದ. “ಏನಿಲ್ರಿ ಸಾಹೇಬ್ರ. ಮನಿ ಮಾತು,” ಎಂದ. ನನ್ನತ್ತ ನೋಡದೆ ಒಳಗೆ ನಡೆದ. ಐದಾರು ವರ್ಷದಲ್ಲಿ ಜೈಲು ಅವನಿಗೆ ಕಾಯುವುದನ್ನು ಕಲಿಸಿತ್ತು.

ದಿನಚರಿಯಲ್ಲಿ ಆ ದಿನ: “ಮುಲಾಕಾತ್. ಹಣ್ಣು ಒಯ್ದಿದ್ದೆ. ಹೆಚ್ಚು ಮಾತಾಡಲಿಲ್ಲ.”

ಮುಂದಿನ ತಿಂಗಳು ಜೈಲಿನ ಹೊರಗೆ, ಸರದಿ ಕಾಯುವ ಬೇವಿನ ಮರದ ಕೆಳಗೆ, ಕಪನೂರಿನ ಹೆಂಗಸೊಬ್ಬಳು ನನ್ನನ್ನು ಕಂಡು ಸೆರಗು ಸರಿಸಿಕೊಂಡು ಎದ್ದು ನಿಂತಳು. ಅಲ್ಲಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಗಂಡ ಅಪ್ಪನ ಕೈಕೆಳಗೆ ಅಡಿಗೆಮನೆಯಲ್ಲಿದ್ದ. ಒಟ್ಟಿಗೆ ಕೂತು ಎಷ್ಟೋ ಸಲ ಮಾತಾಡಿದ್ದೆವು.

“ಬರ್ರಿ, ಬರ್ರಿ. ಮೇಟ್ ಸಾಹೇಬ್ರ ಮಗಳು ಬಂದ್ಲು, ಜಗಾ ಬಿಡ್ರೆಪಾ,” ಎಂದಳು ಸುತ್ತಲಿನವರಿಗೆ.

ಹಾಸ್ಯವೆಂದುಕೊಂಡು ಕೂತೆ. ಅವಳು ಕೂರಲಿಲ್ಲ. ಬೇಳೆ ತಳ ಹತ್ತಿತ್ತಂತೆ. ನಿನ್ನಪ್ಪ ಬೇಳೆ ತಿರುವುವ ಕಟ್ಟಿಗೆಯ ದೊಡ್ಡ ಹುಟ್ಟಿನಿಂದ ನನ್ನ ಗಂಡನ ಕಿವಿಯ ಮೇಲೇ ಹೊಡೆದ, ಬಿದ್ದವನ ಕೆನ್ನೆಯನ್ನು ಹಂಡೆಯ ಕಾದ ಅಂಚಿಗೆ ಹಿಡಿದ, ಚರ್ಮ ಅಂಟಿಕೊಂಡು ಬಂತು, ಕಿವಿಯಿಂದ ಮೂರು ದಿನ ರಕ್ತ ಕೀವು ಸೋರಿತು ಎಂದಳು. ಈಗ ಆ ಕಡೆ ನಿಂತು ಕೂಗಿದರೂ ಕೇಳುವುದಿಲ್ಲ. ಮೋರಿಯ ಹತ್ತಿರ ಜಾರಿ ಬಿದ್ದೆ ಎಂದು ಗಂಡನೇ ಬರೆಸಿದ್ದಾನೆ. ಯಾವತ್ತು ಎಂದು ಕೇಳಿದೆ. ಹೋದ ಮುಲಾಕಾತಿನ ದಿನವೇ, ಮಧ್ಯಾಹ್ನ, ಎಂದಳು.

ಹೀಗೆ ನನಗೆ ನೆನಪು. ಆದರೆ ದಿನಚರಿಯಲ್ಲಿ ಕಿವಿಯ ಸಂಗತಿಯಿದೆ, ದಿನದ ಸಂಗತಿ ಇಲ್ಲ. ಅವಳು “ಹೋದ ತಿಂಗಳು” ಎಂದಷ್ಟೇ ಹೇಳಿ, ಉಳಿದದ್ದನ್ನು ನನ್ನ ತಪ್ಪಿತಸ್ಥ ಮನಸ್ಸು ಸೇರಿಸಿತೇ? ಜಾಲರಿಯಲ್ಲಿ ಸಿಕ್ಕಿದ ಬೆರಳು ನೆಟ್ಟಗೆ ಆ ಹುಟ್ಟಿಗೆ ಹೋದವೇ? ಗೊತ್ತಿಲ್ಲ. ಹಾಗಲ್ಲ ಎಂದು ಹೇಳಲು ನನ್ನಲ್ಲಿ ಯಾವ ಆಧಾರವೂ ಇಲ್ಲ.

ನಡಿ, ಇಬ್ಬರೂ ಹೋಗಿ ಸಾಹೇಬರಿಗೆ ಹೇಳೋಣ ಎಂದು ಅವಳ ಕೈ ಹಿಡಿದೆ. ಅವಳು ಕೈ ಕೊಸರಿಕೊಂಡಳು.

“ಜಗಳ ಅಂತ ಬರದ್ರ ಇಬ್ಬರದೂ ದಿನ ಹೋಗ್ತಾವ. ಬರೂ ಈದ್‌ಗೆ ಮನಿಗೆ ಬರಾಂವ ಅದಾನ. ಕಿವಿ ಹೋದ್ರ ಹೋಗ್ಲಿ ತಂಗಿ, ದಿನ ಹೋಗಬಾರದು.”

ನಾನೊಬ್ಬಳೇ ಹೋಗಬಹುದಿತ್ತು. ಹೋಗಲಿಲ್ಲ. ಅವಳ ಮಾತಿಗೆ ಗೌರವ ಕೊಟ್ಟೆನೋ, ನಾನು ಹೇಳಿದ ಸುಳ್ಳು ಹೊರಬೀಳುತ್ತದೆಂದು ಹೆದರಿದೆನೋ. ಅಪ್ಪನನ್ನೂ ಮತ್ತೆ ಕೆರಳಿಸಲಿಲ್ಲ. ಹಣ್ಣು ಒಯ್ದೆ, ಬಂದೆ.

ನನ್ನ ಎಣಿಕೆಯ ಪ್ರಕಾರ ಅವನು ಡಿಸೆಂಬರಿನಲ್ಲಿ ಬಿಡುಗಡೆಯಾಗಬೇಕಿತ್ತು. ಎಂ.ಎ. ಕೊನೆಯ ಪರೀಕ್ಷೆ ಜುಲೈಗೆ ಮುಂದೆ ಹೋಯಿತು. ಕೋಟೆಯ ಹತ್ತಿರ ಒಂದು ಕೋಣೆ ನೋಡಿಟ್ಟಿದ್ದೆ. ಖಾಸಗಿ ಶಾಲೆಯೊಂದರಲ್ಲಿ ಕೆಲಸ ಕೊಡುತ್ತೇವೆ ಅಂದಿದ್ದರು. ದಸರೆ ಮುಗಿದ ಮೇಲೆ ಅವ್ವನನ್ನು ಕರೆತರುವುದು, ಅಪ್ಪ ಬರುವುದರೊಳಗೆ ಕಮಲಾಪುರದ ಮನೆಗೆ ಬೀಗ. ಪರೀಕ್ಷೆಯ ನೆಪದಲ್ಲಿ ಎರಡು ಮುಲಾಕಾತು ತಪ್ಪಿಸಿದೆ. ಅವನು ಒಳಗಿದ್ದಾನೆ ಎಂದು ಎರಡೂ ಸಲ ಅವ್ವನಿಗೆ ಕಾಗದ ಬರೆದೆ. ಪಕ್ಕದ ಮನೆಯವರು ಓದಿ ಹೇಳಿರಬೇಕು.

ನನಗೆ ಗೊತ್ತಿಲ್ಲದಿದ್ದದ್ದು ಇದು: ಸ್ವಾತಂತ್ರ್ಯ ದಿನಕ್ಕೆ ಒಳ್ಳೆಯ ನಡತೆಯವರಿಗೆ ಸರ್ಕಾರ ಇನ್ನಷ್ಟು ದಿನಗಳ ಮಾಫಿ ಕೊಡುವುದುಂಟು. ಆ ವರ್ಷ ಕೊಟ್ಟಿತು.

ಅವನು ಬಸ್ಸಿಳಿದು ಮನೆಗೆ ಹೋಗಲಿಲ್ಲ, ನೇರ ತೋಟಕ್ಕೆ ಹೋದ. ಮುಂದಿನದು ಪಕ್ಕದ ತೋಟದ ಕಾಕಾ ಹೇಳಿದ್ದು, ಆಮೇಲೆ ಸಾಕ್ಷಿ ಹೇಳಿದವರೂ ಅವರೇ. ಅವ್ವ ಒಣಗಿದ ಎಲೆ ಸವರುತ್ತಿದ್ದಳಂತೆ. ಎದುರಿಗೆ ಗಂಡನನ್ನು ಕಂಡು ಅವಳು ಓಡಲೂ ಇಲ್ಲ, ಕೂಗಲೂ ಇಲ್ಲ. ಇನ್ನೂ ಮೂರು ವರ್ಷ ಬರಬಾರದವನು ಬಂದಿದ್ದಾನೆ ಎಂದು ನಂಬುವುದಕ್ಕೇ ಹೊತ್ತು ಹಿಡಿದಿರಬೇಕು. ಅಪ್ಪ ಕೇಳಿದ ಮೊದಲ ಮಾತು, “ತ್ವಾಟ ಯಾರಿಗ್ ಕೊಟ್ಟಿ?” ಅವಳು, “ಯಾರಿಗ್ ಕೊಡ್ಲಿ?” ಎಂದಳು. ಅವಳಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಅವನು ಅವಳ ಕೈಯಿಂದಲೇ ಕೊಯ್ತಾ ಕಿತ್ತುಕೊಂಡ. ಅಲಗಿನಿಂದ ಹೊಡೆಯಲಿಲ್ಲ. ಅದನ್ನು ತಿರುಗಿಸಿ ಬೆನ್ನಿನಿಂದ ಹೊಡೆದ. ದವಡೆಗೆ, ಬಲಗಣ್ಣಿಗೆ, ಬಿದ್ದ ಮೇಲೆ ಹೆಗಲ ಎಲುಬಿಗೆ. ಒಂದೊಂದು ಏಟಿಗೂ ಅದೇ ಪ್ರಶ್ನೆ. ಅವಳು ಉತ್ತರ ಹೇಳಲಾಗದಂತೆ ಬಾಯಿ ಒಡೆದ ಮೇಲೂ ಕೇಳುತ್ತಲೇ ಇದ್ದನಂತೆ.

ಕಾಕಾ ಮತ್ತು ಇನ್ನಿಬ್ಬರು ಕೂಗುತ್ತ ಓಡಿ ಬಂದರು. ಅವರನ್ನು ಕಂಡದ್ದೇ ಅಪ್ಪ ಕೊಯ್ತಾ ದೂರ ಇಟ್ಟ. ಮೊಣಕಾಲು ಮಡಚಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡೂ ಅಂಗೈ ಮೊಣಕಾಲ ಮೇಲೆ ಕಾಣುವಂತೆ ಇಟ್ಟುಕೊಂಡ, ತಲೆ ತಗ್ಗಿಸಿದ. ಜೈಲಿನಲ್ಲಿ ಎಣಿಕೆಗೆ ಕೂರುವುದು ಹಾಗೆ. ಅವನನ್ನು ಹೊಡೆಯಬೇಕೆಂದು ಬಂದ ಮೂವರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲವಂತೆ. ಪೊಲೀಸರು ಬರುವವರೆಗೆ ಅವನು ಅಲುಗಲಿಲ್ಲ.

ನಗರದ ಆಸ್ಪತ್ರೆಯಲ್ಲಿ ನಾನು ಕಂಡ ಮುಖ ಅವ್ವನದೆಂದು ಮೂಗುತಿಯಿಂದ ಗುರುತಿಸಿದೆ. ಕೆಳದವಡೆ ಎರಡು ಕಡೆ ಮುರಿದಿತ್ತು. ಹಲ್ಲುಗಳನ್ನು ತಂತಿಯಿಂದ ಬಿಗಿದರು. ಬಲಗಣ್ಣಿನ ದೃಷ್ಟಿ ಬರಲಾರದು ಎಂದರು, ಬರಲೂ ಇಲ್ಲ. ಎರಡು ವಾರ ಗಂಜಿ ಹೀರುವುದಷ್ಟೇ. ಆಮೇಲೆ ಒಂದು ಬೆಳಗ್ಗೆ, ಹಲ್ಲು ಕಚ್ಚಿಕೊಂಡೇ, ಪದಪದವಾಗಿ ಕೇಳಿದಳು.

“ನಾ ತ್ವಾಟ ಕೊಟ್ಟೀನಿ ಅಂತ ಅವಗ ಯಾರ್ ಹೇಳಿದ್ರು?”

ನಾನೇ ಅಂದೆ. ಅಲ್ಲಿಗೆ ನಿಲ್ಲಿಸಲಾಗಲಿಲ್ಲ. ಮಾಫಿ ಎಂದರೇನು, ಏಳು ಹೇಗಾಯಿತು, ಯಾಕೆ ಆ ಸುಳ್ಳು, ಅಡಿಗೆಮನೆಯವನ ಕಿವಿ, ನಾನು ಹೋಗದೆಯೇ ಬರೆದ ಎರಡು ಕಾಗದ, ಎಲ್ಲವನ್ನೂ ಹೇಳಿದೆ. ಅವಳು ಒಂದೇ ಕಣ್ಣಿನಿಂದ ನೋಡುತ್ತಿದ್ದಳು.

“ಏಳು ಅಂತ ನಿನಗ ಯಾವಾಗ ಗೊತ್ತಾತು?”

“ಮೂರ್ ವರ್ಷ ಆತು ಅವ್ವ.”

ಅವಳು ಸಲೈನ್ ಹಾಕಿದ್ದ ಕೈಯಿಂದಲೇ ನನ್ನ ಕೆನ್ನೆಗೆ ಹೊಡೆದಳು. ಸೂಜಿ ಕಿತ್ತು ಬಂತು, ಚಾದರದ ಮೇಲೂ ನನ್ನ ಮೇಲೂ ರಕ್ತ ಚಿಮ್ಮಿತು. ಇನ್ನೊಂದು ಕೈ ಎತ್ತಲು ಹೋದಳು, ಆ ಕಡೆಯ ಹೆಗಲ ಎಲುಬು ಕೂಡಿರಲಿಲ್ಲವಾಗಿ ಅದು ಮೇಲೇಳಲಿಲ್ಲ. ನರ್ಸ್ ಓಡಿ ಬಂದು ಬೈದದ್ದು ನನ್ನನ್ನು. ಅವ್ವ ನನಗೆ ಹೊಡೆದದ್ದು ಅದೊಂದೇ ಸಲ. ಹೇಳಿದ್ದರೆ ಬದುಕು ಬೇರೆಯಾಗುತ್ತಿತ್ತು ಎಂದು ಅವಳು ಮುಂದೆ ಒಮ್ಮೆಯೂ ಆಡಿ ತೋರಿಸಲಿಲ್ಲ. ಹೇಳಿದ್ದರೂ ನಾ ತೋಟ ಬಿಡುತ್ತಿರಲಿಲ್ಲ ಎಂದು ಒಮ್ಮೆ ಅಂದಳೆಂದು ದಿನಚರಿಯಲ್ಲಿದೆ. ಅವಳು ಹಾಗೆ ಅಂದಳೋ, ಅನ್ನಲಿ ಎಂಬ ಆಸೆಯಿಂದ ನಾನು ಬರೆದೆನೋ, ಖಾತ್ರಿಯಿಲ್ಲ.

ಕೋಟೆಯ ಹತ್ತಿರದ ಕೋಣೆಗೆ ನಾವಿಬ್ಬರೂ ಬಂದೆವು. ಎರಡನೆಯ ಮೊಕದ್ದಮೆ ಎರಡು ವರ್ಷ ನಡೆಯಿತು. ತೊಂಬತ್ತರ ದಶಕ ಕಾಲಿಟ್ಟಿತ್ತು. ಈ ಸಲ ಅಪ್ಪನಿಗೆ ಏಳು ವರ್ಷವಾಯಿತು. ತೀರ್ಪು ಕೇಳಿ ನಾನು ಮನೆಗೆ ಹೋಗಲಿಲ್ಲ, ಜೈಲಿನ ಕಚೇರಿಗೆ ಹೋದೆ. ಹಳೆಯ ಗುಮಾಸ್ತರು ನಿವೃತ್ತರಾಗಿದ್ದರು. ಹೊಸಬರ ಮುಂದೆ ನಿಂತು, ಎಲ್ಲ ಮಾಫಿಯೂ ಸಿಕ್ಕರೆ, ಹಬ್ಬಹರಿದಿನದ್ದೂ ಸೇರಿ, ಅತಿ ಬೇಗ ಎಂದರೆ ಯಾವಾಗ ಹೊರಗೆ ಬರಬಹುದು ಎಂದು ಕೇಳಿದೆ. ತಂದೆಯ ಮೇಲೆ ಎಷ್ಟು ಜೀವ ಇವಳಿಗೆ ಎಂಬಂತೆ ಅವರು ನೋಡಿದರು.

ಕೋಣೆಗೆ ಬಂದಾಗ ಅವ್ವ ಸೊಪ್ಪು ಸೋಸುತ್ತಿದ್ದಳು. ಕೋರ್ಟಿನ ಸಂಖ್ಯೆ ಮೊದಲು ಹೇಳಲಿಲ್ಲ.

“ಮೂರ್ ವರ್ಷಕ್ಕ ಬರಬಹುದು ಅವ್ವ. ಏಳು ಅಂತ ಬರದಾರ. ಎರಡು ಆಗ್ಲೇ ಒಳಗ ಕಳದಾನ. ಉಳಿದದ್ದು ಚಂದ ಇದ್ರ ಮೂರಕ್ಕ ಇಳೀತದ.”

ಅವಳು ಸೊಪ್ಪು ಬಿಟ್ಟಳು. ನಾವು ಊರು ಬದಲಿಸಬೇಕೇ, ತೋಟ ಮಾರಬೇಕೇ ಎಂದು ಕೇಳುತ್ತಾಳೆಂದು ಕಾದೆ.

“ಮತ್ತ ಮೇಟ್ ಮಾಡ್ತಾರೇನು?”

“ಗೊತ್ತಿಲ್ಲ. ಮಾಡಬಹುದು.”

“ಅಂವ ಎಂಥಾಂವ ಅಂತ ಒಳಗಿದ್ದವರಿಗೆ ಯಾರ್ ಹೇಳ್ತಾರ?”

ಜೈಲಿನ ಸಾಹೇಬರಿಗೆ ಅರ್ಜಿ ಬರಿ ಎಂದಳು. ಬರೆದೆ. ಈ ಕೈದಿಗೆ ಬೇರೆಯವರ ಮೇಲೆ ಅಧಿಕಾರ ಕೊಡಬಾರದು, ಕಳೆದ ಬಾರಿ ಅಡಿಗೆಮನೆಯಲ್ಲಿ ಒಬ್ಬನ ಕಿವಿ ಒಡೆದಿದ್ದಾನೆ, ಇನ್ನೊಬ್ಬನ ಬೆರಳು ಮುರಿದಿದ್ದಾನೆ, ಅವನ ಒಳ್ಳೆಯ ನಡತೆ ಇಂಥದ್ದು. ಓದಿ ಹೇಳು ಎಂದಳು. ಓದಿದೆ. ಹೆಬ್ಬೆರಳಿಗೆ ಮಸಿ ಹಚ್ಚಲು ಹೋದಾಗ ಕೈ ಹಿಂದೆ ತೆಗೆದುಕೊಂಡಳು.

“ನಿಂದೂ ಬರದೀಯೇನು? ನೀ ಹೇಳಿದ ಸುಳ್ಳು?”

“ಇಲ್ಲ.”

“ಬರಿ,” ಎಂದಳು.

ಅದಕ್ಕೆ ಇನ್ನೊಂದು ಹಾಳೆ ಬೇಕಾಯಿತು.